ಬರೆಲ್ ಎಂಬ ಹೆಸರಿನ ಇಬ್ಬರು

ನನ್ನ ಗಂಡ ಎಫ್ರೇಮ್ ಟಲ್ಲಕ್ ಬರ್ಮಿಂಗ್‌ಹ್ಯಾಮಿನಲ್ಲಿ ಹನ್ನೊಂದನೇ ನಂಬರ್ ಬಸ್ಸಿನ ಕಂಡಕ್ಟರ್ ಆಗಿದ್ದ. ವಾರವಿಡೀ ಟಿಕೆಟ್ ಕೊಡುತ್ತಿದ್ದ, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಹಾಡುತ್ತಿದ್ದ. ಅರವತ್ತೇಳನೇ ಇಸವಿಯಲ್ಲಿ ಏಳು ತಿಂಗಳು ಮಾತ್ರ ಅವನು ಇನ್ನೊಬ್ಬನ ಹೆಸರಿನಲ್ಲಿ ದೊಡ್ಡ ಗಾಯಕನಾಗಿದ್ದ. ಅದನ್ನು ನಾನು ಮಕ್ಕಳಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳಿದರೆ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ.

ನಾವಿಬ್ಬರೂ ಜಮೈಕಾದ ಸೇಂಟ್ ಥಾಮಸ್ ಸೀಮೆಯವರು. ಅವನು ಅರವತ್ತನೇ ಇಸವಿಯಲ್ಲಿ ಇಂಗ್ಲೆಂಡಿಗೆ ಬಂದ, ನಾನು ಅರವತ್ತೊಂದರಲ್ಲಿ ಬಂದೆ. ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ಒಂದು ಮನೆಯ ಮೇಲಂತಸ್ತಿನ ಎರಡು ಕೋಣೆ ನಮ್ಮದು. ಒಂದರಲ್ಲಿ ಮಂಚ, ಸೀಮೆಎಣ್ಣೆಯ ಹೀಟರು, ನನ್ನ ಹೊಲಿಗೆ ಯಂತ್ರ. ಇನ್ನೊಂದರಲ್ಲಿ ರೇಡಿಯೋಗ್ರಾಂ, ರೇಡಿಯೋ ಮತ್ತು ರೆಕಾರ್ಡ್ ಪ್ಲೇಯರ್ ಕೂಡಿಸಿದ ದೊಡ್ಡ ಮರದ ಪೆಟ್ಟಿಗೆ. ಆಗ ನಮ್ಮವರ ಮನೆಗಳಲ್ಲಿ ಉಣ್ಣಲು ಮೇಜಿಲ್ಲದಿದ್ದರೂ ನಡೆಯುತ್ತಿತ್ತು, ರೇಡಿಯೋಗ್ರಾಂ ಮಾತ್ರ ಇರಲೇಬೇಕಿತ್ತು. ಅದಕ್ಕೆ ಕೈಯಲ್ಲಿ ಹೆಣೆದ ಬಿಳಿ ಬಟ್ಟೆ ಹೊದಿಸಿ, ಮೇಲೊಂದು ಗಾಜಿನ ಮೀನು ಇಟ್ಟರೆ ಮನೆಗೆ ಮನೆಯ ಕಳೆ.

ಸೋಹೋ ರಸ್ತೆಯಲ್ಲಿ ವ್ಯಾಸೆಲ್ ಎಂಬವನ ಅಂಗಡಿ ಇತ್ತು. ಮುಂದುಗಡೆ ಗೆಣಸು, ಹಸಿ ಬಾಳೆಕಾಯಿ, ತಲೆಗೆ ಹಚ್ಚುವ ಎಣ್ಣೆ. ಹಿಂದಿನ ಗೋಡೆಯುದ್ದಕ್ಕೂ ನಮ್ಮ ಜಮೈಕಾದ ಕಿಂಗ್‌ಸ್ಟನ್ನಿನಿಂದ ಬಂದ ರೆಕಾರ್ಡುಗಳು. ಶನಿವಾರ ಮಧ್ಯಾಹ್ನ ಗೆಣಸಿಗೆಂದು ಹೋದವರು ಸಂಜೆಯವರೆಗೂ ಅಲ್ಲೇ ನಿಲ್ಲುತ್ತಿದ್ದರು. ಅರವತ್ತಾರರವರೆಗೆ ನಾವು ಕುಣಿದದ್ದೆಲ್ಲ ಸ್ಕಾ ಎಂಬ ನಮ್ಮ ಬಿರುಸಿನ ಸಂಗೀತಕ್ಕೆ. ತುತ್ತೂರಿಗಳು ಮೈಮೇಲೆ ಬಿದ್ದಂತೆ ಊದುತ್ತಿದ್ದವು, ಅರ್ಧ ಗಂಟೆ ಕುಣಿದರೆ ಅಂಗಿ ಹಿಂಡಬೇಕಾಗುತ್ತಿತ್ತು. ಅರವತ್ತಾರರ ಕೊನೆಯ ಹೊತ್ತಿಗೆ ಆ ಸಂಗೀತದ ನಡಿಗೆಯೇ ನಿಧಾನವಾಯಿತು. ತುತ್ತೂರಿ ಹಿಂದೆ ಸರಿದು ಬಾಸ್ ಗಿಟಾರು ಮುಂದೆ ಬಂತು. ರಾಕ್‌ಸ್ಟೆಡಿ ಎಂದರು. ನಿಂತಲ್ಲೇ ಭುಜ, ಸೊಂಟ ಆಡಿಸಿದರೆ ಸಾಕು. ಗಂಡ ಹೆಂಡತಿ ಕುಣಿಯುತ್ತಲೇ ಜಗಳ ಮುಗಿಸಿಕೊಳ್ಳಬಹುದಿತ್ತು.

ಅಂಥ ಒಂದು ಶನಿವಾರ ವ್ಯಾಸೆಲ್ ಹೊಸ ರೆಕಾರ್ಡು ಹಾಕಿದ. ಹಾಡು ‘ಹೊಳೆ ಇಳಿಯಲಿ’. ಹಾಡಿದವರು ‘ಮೊರಾಂಟ್ಸ್’ ಎಂಬ ಮೂವರು. ಮುಂದಿನ ದನಿ ಲ್ಯಾಸೆಲ್ಸ್ ಬರೆಲ್ ಎಂಬವನದು. ಮಳೆಗೆ ಹೊಳೆ ತುಂಬಿದೆ, ಆಚೆ ದಡದಲ್ಲಿ ಒಬ್ಬಳು ಕಾಯುತ್ತಿದ್ದಾಳೆ, ಈಚೆ ದಡದಲ್ಲಿ ಇವನು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಇಷ್ಟೇ ಹಾಡು. ಆದರೆ ನನಗೆ ಎದೆ ಜಗ್ಗಿತು.

“ಇದು ನಮ್ಮ ಯಾಲ್ಲಾಸ್ ಹೊಳೆ ಕಣೋ,” ಎಂದೆ, ಎಫ್ರೇಮ್‌ನ ತೋಳು ಹಿಡಿದು.

“ಶ್! ಸುಮ್ನಿರೇ. ಇನ್ನೊಂದ್ಸಲ ಹಾಕಪ್ಪಾ ವ್ಯಾಸೆಲ್.”

ಎರಡನೇ ಸಲ ಎಫ್ರೇಮ್ ಜೊತೆಗೆ ಹಾಡಿದ. ಮೂರನೇ ಸಲಕ್ಕೆ ಅಂಗಡಿಯಲ್ಲಿ ಬೇರೆ ಸದ್ದೇ ಇರಲಿಲ್ಲ. ಗೆಣಸು ಆರಿಸುತ್ತಿದ್ದ ಒಬ್ಬ ಮುದುಕಿ, “ಅಯ್ಯೋ ದೇವ್ರೇ, ಹಾಡ್ತಿರೋದು ಪೆಟ್ಟಿಗೇನೋ ಇವ್ನೋ?” ಎಂದಳು.

ವ್ಯಾಸೆಲ್ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡಿದ್ದ ಎಂದು ತಿಳಿದದ್ದು ಫೆಬ್ರವರಿಯಲ್ಲಿ. ಒಂದು ಸಂಜೆ ಟೋಪಿ ಕೈಯಲ್ಲಿ ಹಿಡಿದು ನಮ್ಮ ಕೋಣೆಗೆ ಬಂದ.

“ಮಿಸ್ ಡೆಲ್ಸಿ, ಶನಿವಾರ ನಿನ್ನ ಗಂಡನ್ನ ನಂಗೆ ಕೊಡ್ತೀಯಾ?”

“ಧಾರಾಳವಾಗಿ ಕರ್ಕೊಂಡು ಹೋಗು. ವಾಪಸ್ ಮಾತ್ರ ತರ್ಬೇಡ.”

ಅವನು ನಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ವಿಷಯ ಬಿಚ್ಚಿದ. ವುಲ್ವರ್‌ಹ್ಯಾಂಪ್ಟನ್, ಲೆಸ್ಟರ್, ನಾಟಿಂಗ್‌ಹ್ಯಾಮ್, ಎಲ್ಲ ಕಡೆಯ ಬಿಳಿ ಹುಡುಗ ಹುಡುಗಿಯರಿಗೂ ನಮ್ಮ ಸಂಗೀತದ ಹುಚ್ಚು ಹಿಡಿದಿದೆ. ಕ್ಲಬ್ಬಿನವರೆಲ್ಲ ಮೊರಾಂಟ್ಸ್ ಬೇಕು ಎನ್ನುತ್ತಿದ್ದಾರೆ. “ಕಿಂಗ್‌ಸ್ಟನ್‌ಗೆ ಕಾಗದ ಬರೆದೆ. ಗುಂಪು ಒಡೆದೋಗಿದೆಯಂತೆ. ಒಬ್ಬ ಕೆನಡಾಕ್ಕೆ ಹೋದ, ಒಬ್ಬ ದೇವರ ಹತ್ರ ಹೋದ.”

“ಸತ್ತೋದ್ನಾ ಪಾಪ?”

“ಇಲ್ಲಮ್ಮ, ಪಾದ್ರಿ ಆದ. ಬರೆಲ್ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.”

“ಅದಕ್ಕೆ ನಾನೇನು ಮಾಡ್ಲಿ?” ಎಂದ ಎಫ್ರೇಮ್.

“ರೆಕಾರ್ಡಿನ ಮೇಲೆ ಫೋಟೋ ಇಲ್ಲ. ಬರೆಲ್ ಮುಖ ಈ ದೇಶದಲ್ಲಿ ಯಾರು ನೋಡಿದ್ದಾರೆ ಹೇಳು? ನೀನು, ನಿಮ್ಮ ಚರ್ಚಿನ ಕ್ಯಾನ್ಯೂಟ್, ಪರ್ಸಿವಲ್, ಮೂವರು ನಿಂತ್ರೆ ಆಯ್ತು.”

“ಸುಳ್ಳು ಹೇಳಿ ಹಾಡು ಅಂತೀಯಾ?”

“ಹಾಡು ಸುಳ್ಳಲ್ವಲ್ಲ ಮಾರಾಯಾ.”

ಎಫ್ರೇಮ್ ಅವನನ್ನು ಮೆಟ್ಟಿಲವರೆಗೆ ಕಳಿಸಿ ಬಾಗಿಲು ಹಾಕಿದ. ಆಗುವುದಿಲ್ಲ ಎಂದೇ ಹೇಳಿದ್ದ. ಮೂರು ದಿನ ಕಳೆದ ಮೇಲೆ ಕೆಲಸದಿಂದ ಬಂದವನು ಕೋಟು ಬಿಚ್ಚದೆ ಹಾಗೇ ಕುಳಿತ. ಆ ದಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಅವನ ಕೈಯಿಂದ ಟಿಕೆಟ್ ತೆಗೆದುಕೊಳ್ಳಲಿಲ್ಲವಂತೆ, ಪಕ್ಕದ ಸೀಟಿನ ಮೇಲಿಡು ಎಂದು ಬೆರಳು ತೋರಿಸಿದಳಂತೆ. ಇಂಥದ್ದು ಮೊದಲ ಸಲವೇನಲ್ಲ. ಆದರೂ ಅವನು ಹೀಟರಿನ ನೀಲಿ ಉರಿಯನ್ನೇ ನೋಡುತ್ತ, “ಒಂದ್ಸಲ ಹೋಗಿ ನೋಡ್ಲಾ ಡೆಲ್ಸಿ?” ಎಂದ. ಅಳತೆ ಟೇಪು ತೆಗೆದುಕೊಂಡು ಅವನ ಎದೆಯ ಸುತ್ತ ಹಾಕಿದೆ.

ಮೂರು ಸೂಟು ಹೊಲಿದೆ. ಬೆಳಕು ಬಿದ್ದರೆ ಹಸಿರು, ತಿರುಗಿದರೆ ಕಂದು ಕಾಣುವ ಬಟ್ಟೆ. ಪ್ಯಾಂಟು ಶೂ ಕಾಣುವಷ್ಟು ಗಿಡ್ಡ. ನಾನು ಕೆಲಸಕ್ಕಿದ್ದದ್ದು ಪ್ಯಾಂಟಿನ ಕಾರ್ಖಾನೆಯಲ್ಲಿ, ದಿನಕ್ಕೆ ನೂರಾರು ಕಾಲು ಹೊಲಿದ ಕೈ. ಆದರೆ ಆ ಮೂರು ಜೊತೆಗೆ ನಾನು ಹಾಕಿದಷ್ಟು ಸಣ್ಣ ಹೊಲಿಗೆಯನ್ನು ಬೇರೆ ಯಾವುದಕ್ಕೂ ಹಾಕಿಲ್ಲ.

ಮೊದಲ ಕಾರ್ಯಕ್ರಮ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತಿದ್ದೆ. ಹುಡುಗರು ತಲೆಗೂದಲು ಗಿಡ್ಡ ಕತ್ತರಿಸಿ, ಚಿಕ್ಕ ಅಂಚಿನ ಟೋಪಿ ಹಾಕಿಕೊಂಡು ಬಂದಿದ್ದರು. ಹುಡುಗಿಯರ ಕಣ್ಣಿಗೆ ಕಾಡಿಗೆಯೋ ಕಾಡಿಗೆ. ನಮ್ಮ ಹೆಜ್ಜೆಗಳನ್ನು ಎಲ್ಲಿ ಕಲಿತಿದ್ದರೋ, ಕನ್ನಡಿ ಮುಂದೆ ವಾರಗಟ್ಟಲೆ ಅಭ್ಯಾಸ ಮಾಡಿರಬೇಕು. ಎಫ್ರೇಮ್ ಬಾಯಿ ತೆರೆದ ಕೂಡಲೇ ಇಡೀ ಸಭೆ ಅವನ ಜೊತೆ ಹಾಡಿತು. ಯಾಲ್ಲಾಸ್ ಹೊಳೆಯನ್ನು ಕನಸಿನಲ್ಲೂ ಕಾಣದ ಮಕ್ಕಳು “ಹೊಳೆ ಇಳಿಯಲಿ, ಹೊಳೆ ಇಳಿಯಲಿ” ಎಂದು ಕಣ್ಣು ಮುಚ್ಚಿ ಹಾಡುತ್ತಿದ್ದರು. ಮುಗಿದ ಮೇಲೆ ಒಬ್ಬಳು ತೋಳು ಚಾಚಿ ಅದರ ಮೇಲೆ ಸಹಿ ಬೇಕೆಂದಳು. ಎಫ್ರೇಮ್ ‘ಲ್ಯಾಸೆಲ್ಸ್ ಬರೆಲ್’ ಎಂದು ಬರೆದ. ಹಿಂದಿನ ದಿನ ದಿನಪತ್ರಿಕೆಯ ಅಂಚಿನಲ್ಲಿ ಅದನ್ನು ಇಪ್ಪತ್ತು ಸಲ ಬರೆದು ಕಲಿತಿದ್ದ.

ವ್ಯಾನಿನಲ್ಲಿ ಮನೆಗೆ ಬರುವಾಗ ಅವನು ನನ್ನ ಕಿವಿಯಲ್ಲಿ, “ನನ್ನನ್ನ ಸಾರ್ ಅಂದ್ರು ಕಣೇ,” ಎಂದ.

ಆ ವಸಂತ, ಆ ಬೇಸಿಗೆ ಹೀಗೇ ಕಳೆದವು. ಸುಳ್ಳೆಂದು ಗೊತ್ತಿದ್ದೂ ನಾನು ಅದನ್ನು ಸವಿದೆ, ಒಪ್ಪಿಕೊಳ್ಳುತ್ತೇನೆ. ದಾರಿಯಲ್ಲಿ ತಿನ್ನಲು ಉಪ್ಪುಮೀನಿನ ಬೋಂಡ ಕರಿದು ಡಬ್ಬಿಗೆ ತುಂಬುತ್ತಿದ್ದೆ. ಕ್ಯಾನ್ಯೂಟ್ ಹಾಡು ಶುರುವಾಗುವ ಮುಂಚೆಯೇ ಅರ್ಧ ಖಾಲಿ ಮಾಡುತ್ತಿದ್ದ. ಆದರೆ ಆಗಸ್ಟಿನ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ಪಾದ್ರಿಗಳು “ಬ್ರದರ್ ಟಲ್ಲಕ್” ಎಂದು ಕರೆದರು, ಎಫ್ರೇಮ್ ತಿರುಗಲಿಲ್ಲ. ಎರಡನೇ ಸಲ ಕರೆದರೂ ತಿರುಗಲಿಲ್ಲ. ನಾನು ನಕ್ಕೆ. ಮನೆಗೆ ಬಂದು ಅಕ್ಕಿ ತೊಳೆಯುವಾಗ ಅದೇ ನೆನಪಾಗಿ ಹೆದರಿಕೆಯಾಯಿತು.

ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ ಕಾರ್ಯಕ್ರಮ ಒಪ್ಪಿಕೊಂಡ ವ್ಯಾಸೆಲ್. ನಮ್ಮ ಊರಿನಲ್ಲಿ ಬೇಡ ಎಂದು ನಾನು ಬಡಕೊಂಡೆ. ಕೇಳಲಿಲ್ಲ. ಸಿಲ್ವರ್ ಸ್ಲಿಪರ್ ಎಂಬ ಕ್ಲಬ್ಬು, ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಆಟ. ಬಾಗಿಲ ಬಳಿ ಬಂದವರ ಕೋಟು ತೆಗೆದಿಟ್ಟುಕೊಳ್ಳುವವಳು ಆ ದಿನ ಬಂದಿರಲಿಲ್ಲ. ನಾನೇ ಅವಳ ಕಟ್ಟೆಯ ಹಿಂದೆ ನಿಂತೆ.

ಎಲ್ಲರೂ ಒಳಗೆ ಹೋದ ಮೇಲೆ ನಮ್ಮವನೊಬ್ಬ ಬಂದ. ವಯಸ್ಸು ಮೂವತ್ತರ ಒಳಗೆ, ತೆಳ್ಳಗಿನ ಆಳು, ಇಸ್ತ್ರಿ ಮಾಡಿದಂಥ ಟೋಪಿ. ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳು. ಸ್ಮೆಥಿಕ್ ಕಡೆಯ ಎರಕದ ಕಾರ್ಖಾನೆಯವನು ಎಂದು ಆ ಕೈಯೇ ಹೇಳುತ್ತಿತ್ತು.

“ಕೋಟು ಕೊಡಿ ಅಣ್ಣ, ಒಳಗೆ ಸೆಕೆ,” ಎಂದೆ.

“ಬೇಡ ತಂಗಿ, ಹೆಚ್ಚು ಹೊತ್ತು ಇರಲ್ಲ. ಬರೆಲ್ ಬಂದಿದ್ದಾನಾ?”

“ಬಂದಿದ್ದಾರೆ. ಈಗ ಹಾಡ್ತಾರೆ.”

“ಆರೋಗ್ಯವಾಗಿದ್ದಾನಾ?”

“ಚೆನ್ನಾಗೇ ಇದ್ದಾರೆ.”

“ಸದ್ಯ,” ಎಂದ ಅವನು. “ನಂಗೆ ಅದೇ ಯೋಚನೆ ಆಗಿತ್ತು.”

ಮಾತಿನ ಧಾಟಿ ನಮ್ಮ ಸೀಮೆಯದು. ಯಾರಾದರೂ ಬರೆಲ್‌ನ ನೆಂಟನೇ ಇರಬಹುದು ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಬಾಸ್ ಗಿಟಾರು ಶುರುವಾಯಿತು. ಅವನು ಒಳಗೆ ಹೋಗಲಿಲ್ಲ. ಕಟ್ಟೆಗೆ ಮೊಣಕೈ ಊರಿ, ತೆರೆದ ಬಾಗಿಲಿನಿಂದ ವೇದಿಕೆಯನ್ನೇ ನೋಡುತ್ತ ನಿಂತ. ಮೊದಲ ನುಡಿ ಮುಗಿಯುವವರೆಗೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಎರಡನೇ ನುಡಿಯಲ್ಲಿ ಎಫ್ರೇಮ್ “ಅಮ್ಮಾ ಕಾಯ್ತಾಳೆ, ಆಚೆ ದಡದಲ್ಲಿ” ಎಂದು ಎತ್ತಿದಾಗ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ.

“ಅಮ್ಮಾ ಅಲ್ಲ,” ಎಂದ.

“ಏನಂದ್ರಿ?”

“ಎಮ್ಮಾ. ಎಮ್ಮಾ ಕಾಯ್ತಾಳೆ. ಹುಡುಗಿ ಹೆಸರು. ಇಡೀ ಇಂಗ್ಲೆಂಡು ಅಮ್ಮಾ ಅಮ್ಮಾ ಅಂತ ಅರಚ್ತಿದೆ. ಅಮ್ಮನ್ನ ನೋಡೋಕೆ ಹೊಳೆ ಯಾಕೆ ದಾಟ್ಬೇಕು ತಂಗಿ? ನಮ್ಮಮ್ಮ ಈಚೆ ದಡದಲ್ಲೇ, ಮನೇಲೇ ಇದ್ಲು, ನನ್ನ ಬೈಕೊಂಡು.”

ಎಫ್ರೇಮ್ ಹಾಡು ಕಲಿತದ್ದು ರೆಕಾರ್ಡು ಕೇಳಿ. ಆ ಸಾಲಿನಲ್ಲಿ ತುತ್ತೂರಿಯ ಸದ್ದು ಅಡ್ಡ ಬರುತ್ತಿತ್ತು, ನಾವೆಲ್ಲ ಅಮ್ಮಾ ಎಂದೇ ಕೇಳಿದ್ದೆವು.

“ನೀವು…” ಎಂದೆ.

“ಬಸ್ ಸ್ಟಾಪಲ್ಲಿ ಪೋಸ್ಟರ್ ನೋಡಿದೆ. ನಾನು ಈ ಊರಿಗೆ ಬರ್ತಿದ್ದೀನಿ ಅಂತ ನಂಗೆ ಗೊತ್ತಾಗಿದ್ದೇ ಹಾಗೆ. ಟಿಕೆಟ್ ತಗೊಂಡೇ ಬಂದೆ.”

ಅವನು ಕಿಂಗ್‌ಸ್ಟನ್ನಿನಲ್ಲಿ ಆ ಹಾಡು ಹಾಡಿದ ಎರಡೇ ವಾರಕ್ಕೆ ಇಲ್ಲೇ ಕೆಲಸದಲ್ಲಿದ್ದ ಅಣ್ಣನ ಕಾಗದ ಹಿಡಿದು ಇಲ್ಲಿಗೆ ಬಂದಿದ್ದನಂತೆ. ತಿಂಗಳುಗಳ ನಂತರ ರೆಕಾರ್ಡು ಅವನ ಹಿಂದೆಯೇ ಬಂತು. ಕಾರ್ಖಾನೆಯಲ್ಲಿ “ಇದು ನನ್ನ ಹಾಡು” ಎಂದಾಗ ಒಬ್ಬ, “ಹೌದಪ್ಪಾ, ನಾನು ಇಂಗ್ಲೆಂಡಿನ ರಾಣಿ, ಕಿರೀಟ ಮನೇಲಿ ಮರೆತು ಬಂದೆ” ಎಂದನಂತೆ. ಆಮೇಲೆ ಅವನು ಯಾರಿಗೂ ಹೇಳಲಿಲ್ಲ.

ಮಧ್ಯಂತರಕ್ಕೆ ನಾನು ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಕೋಟುಗಳನ್ನು ಹಾಗೇ ಬಿಟ್ಟು ಹೋದೆ. ಎಫ್ರೇಮ್ ಮುಖ ಒರೆಸಿಕೊಳ್ಳುತ್ತಿದ್ದ. ವ್ಯಾಸೆಲ್ ಸಿಗರೇಟು ಹಚ್ಚುತ್ತಿದ್ದ.

“ಎಫ್ರೇಮ್, ಇವರು ಲ್ಯಾಸೆಲ್ಸ್ ಬರೆಲ್,” ಎಂದೆ.

ವ್ಯಾಸೆಲ್ ಮೊದಲು ನಕ್ಕ. ಆಮೇಲೆ, “ಅಣ್ಣಾ ಕೂತ್ಕೊಳ್ಳಿ, ಕೂತು ಮಾತಾಡೋಣ, ಏನಾದ್ರೂ ಕುಡೀತೀರಾ?” ಎಂದು ಕುರ್ಚಿ ಎಳೆದ. ಅವನ ಕಡೆ ಯಾರೂ ನೋಡಲಿಲ್ಲ. ಎಫ್ರೇಮ್ ಹಸಿರು ಕೋಟು ಬಿಚ್ಚಿದ, ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ಬೈದುಬಿಡು. ಬೈಸ್ಕೊಳ್ಳೋಕೆ ಯೋಗ್ಯ ಆಗಿದ್ದೀನಿ,” ಎಂದ.

“ಬೈಯೋಕೇ ಬಂದಿದ್ದೆ,” ಎಂದ ಬರೆಲ್. “ವಾರದಿಂದ ಬೈಗುಳ ಜೋಡಿಸಿಟ್ಟಿದ್ದೆ. ವೇದಿಕೆ ಹತ್ತಿ ನಿನ್ನ ಕತ್ತಿನಪಟ್ಟಿ ಹಿಡೀಬೇಕು ಅಂತಿದ್ದೆ. ಆದ್ರೆ ನನ್ನ ಹಾಡಿಗೆ ಜನ ಕುಣಿಯೋದನ್ನ ನಾನು ಇವತ್ತಿನವರೆಗೆ ನೋಡೇ ಇರ್ಲಿಲ್ಲ. ಅದು ನಿನ್ನಿಂದ ನೋಡಿದೆ. ಹಾಗಂತ ನೀನು ಕಳ್ಳ ಅಲ್ಲ ಅಂತಲ್ಲ.”

“ಕಳ್ಳನೇ.”

“ಹಾಡೋದು ಚೆನ್ನಾಗಿ ಹಾಡ್ತೀಯ. ಅದೇ ಹೊಟ್ಟೆ ಉರಿಯೋದು.”

ಬರೆಲ್ ಕೋಟು ತೊಟ್ಟ. ತೋಳು ಉದ್ದವಾಗಿ ಬೆರಳು ಮುಚ್ಚಿತು. ನಾನು ಮೊಣಕಾಲೂರಿ ಗುಂಡುಪಿನ್ನು ಹಾಕಿ ತೋಳು ಮಡಚುತ್ತಿದ್ದಾಗ, ಆ ಎಮ್ಮಾ ಏನಾದಳು ಎಂದು ಕೇಳಿದೆ. ಕೇಳಬಾರದಿತ್ತೇನೋ.

“ನಾಲ್ಕನೇ ದಿನ ಹೊಳೆ ಇಳೀತು,” ಎಂದ. “ದಾಟಿ ಹೋದೆ. ಅಷ್ಟರಲ್ಲಿ ಅವಳು ಬಾಳೆಕಾಯಿ ಲಾರಿಯವನ ಜೊತೆ ಕಿಂಗ್‌ಸ್ಟನ್ ಸೇರಿದ್ಲು. ಹಾಡಿನಲ್ಲಿ ಅದನ್ನ ಹಾಕಿಲ್ಲ.”

ಮಧ್ಯಂತರ ಮುಗಿಯಿತೆಂದು ಗಂಟೆ ಹೊಡೆಯಿತು. ಬರೆಲ್ ವೇದಿಕೆಯ ನಡುವೆ ನಿಂತ, ಎಫ್ರೇಮ್ ಬರೀ ಅಂಗಿಯಲ್ಲಿ ಅವನ ಬಲಕ್ಕೆ. ಅದೇ ಹಾಡು ಶುರುವಾಯಿತು. ಒಂದು ವರ್ಷ ಎರಕದ ಹೊಗೆ ಕುಡಿದ ಗಂಟಲು, ಎರಡನೇ ಸಾಲಿಗೇ ಒಡೆಯಿತು. ಕುಣಿಯುತ್ತಿದ್ದವರು ನಿಂತರು. “ಯಾರಿವನು? ನಮಗೆ ಬರೆಲ್ ಬೇಕು! ಬರೆಲ್‌ನ ಕರೀರಿ!” ಎಂಬ ಕೂಗು ಎದ್ದಿತು. ಕಾಲಿನಿಂದ ನೆಲ ಬಡಿಯತೊಡಗಿದರು. ಬರೆಲ್ ಮೈಕಿನಿಂದ ಹಿಂದೆ ಸರಿದ. ತನ್ನ ಹೆಸರನ್ನೇ ಕೂಗಿ ತನ್ನನ್ನು ಇಳಿ ಎನ್ನುವವರ ಮುಂದೆ ನಿಂತವನ ಮುಖವನ್ನು ನಾನು ಆ ಒಂದು ಸಲ ನೋಡಿದ್ದೇನೆ, ಇನ್ನೊಮ್ಮೆ ನೋಡುವುದು ಬೇಡ.

ಎಫ್ರೇಮ್ ಮೈಕು ಹಿಡಿದ. ವ್ಯಾಸೆಲ್ ಪರದೆಯ ಹಿಂದಿನಿಂದ ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದ.

“ಸುಮ್ನಿರಿ ಎಲ್ರೂ!” ಎಂದ ಎಫ್ರೇಮ್, ಬಸ್ಸಿನಲ್ಲಿ ಕೂಗುವ ದನಿಯಲ್ಲಿ. ಎಲ್ಲರೂ ಸುಮ್ಮನಾದರು. “ನನ್ನ ಹೆಸರು ಎಫ್ರೇಮ್ ಟಲ್ಲಕ್. ನಾನು ಬಸ್ ಕಂಡಕ್ಟರ್. ಏಳು ತಿಂಗಳಿಂದ ನಿಮಗೆ ಸುಳ್ಳು ಹೇಳಿದ್ದೀನಿ. ಈ ಹಾಡು ಕಟ್ಟಿದವನು, ರೆಕಾರ್ಡಿನಲ್ಲಿ ಹಾಡಿದವನು ಇವನು. ಬರೆಲ್ ಇವನೇ. ನಾನು ಹಾಡ್ತಿದ್ದ ಪದ ಕೂಡ ತಪ್ಪು.”

ಆಗ ಮೇಲಿನ ಬಾಲ್ಕನಿಯಿಂದ ಒಬ್ಬ ಹುಡುಗಿ ಕಿರುಚಿದಳು: “ಅಯ್ಯೋ, ಹೌದು ಕಣ್ರೇ! ಇವನು ಹನ್ನೊಂದನೇ ನಂಬರ್‌ನವನು! ಹೋದ್ ಗುರುವಾರ ಟಿಕೆಟ್ ಇಲ್ಲ ಅಂತ ನನ್ನ ಮಳೇಲಿ ಇಳಿಸಿದ್ದ!”

ಇಡೀ ಸಭೆಯೇ ನಕ್ಕಿತು. ಎಫ್ರೇಮ್ ಮೇಲೆ ನೋಡಿ, “ಟಿಕೆಟ್ ಇರ್ಲಿಲ್ಲ ಅನ್ನೋದು ನಿಜ ತಾನೇ?” ಎಂದ. ಇನ್ನಷ್ಟು ನಕ್ಕರು. ನಗದವರೂ ಇದ್ದರು. ಮೂರರಲ್ಲೊಂದು ಪಾಲು ಜನ ಬೈಯುತ್ತ ಎದ್ದು ಹೋದರು, ನನ್ನ ಕಟ್ಟೆಯ ಮುಂದೆ ಕೋಟಿಗಾಗಿ ಗಲಾಟೆ. ನಾನು ಓಡಿಬಂದು ಒಂದೊಂದೇ ಕೊಡುತ್ತಿದ್ದೆ, ಕಿವಿ ಮಾತ್ರ ಒಳಗಿತ್ತು.

ಬರೆಲ್ ವಾದ್ಯದವರ ಕಡೆ ತಿರುಗಿ ಇನ್ನೂ ನಿಧಾನ ಎಂದು ಕೈಯಲ್ಲಿ ತೋರಿಸಿದನಂತೆ. ಹಾಡು ಮತ್ತೆ ಹೊರಟಿತು. ಈ ಸಲ ಅವನು ದನಿಯನ್ನು ಎತ್ತರಕ್ಕೆ ಒಯ್ಯಲಿಲ್ಲ, ಕೆಳಗೇ ಇಟ್ಟ, ಮೇಲಿನ ಭಾಗವನ್ನು ಎಫ್ರೇಮ್‌ಗೆ ಬಿಟ್ಟ. ಒರಟು ದನಿ, ಪಕ್ಕದಲ್ಲಿ ನಯದ ದನಿ. “ಎಮ್ಮಾ ಕಾಯ್ತಾಳೆ” ಎಂದಾಗ ಗೋಡೆಯ ಪಕ್ಕ ನಿಂತಿದ್ದ ನಮ್ಮವರು, ಸಾಮಾನ್ಯವಾಗಿ ಆ ಬಿಳಿ ಮಕ್ಕಳ ನಡುವೆ ಹೋಗದವರು, ಒಬ್ಬೊಬ್ಬರೇ ನಡುವಿಗೆ ಬಂದು ಕುಣಿದರು. ನಾನು ಕೊನೆಯ ಕೋಟನ್ನು ಕಟ್ಟೆಯ ಮೇಲೆ ಬಿಸಾಕಿ ಒಳಗೆ ಓಡಿದೆ.

ಆಮೇಲೆ ಆದದ್ದು ದೊಡ್ಡದೇನಲ್ಲ. ಎರಡು ಮೂರು ಕ್ಲಬ್ಬಿನವರು ವ್ಯಾಸೆಲ್‌ನನ್ನು ಒಳಗೆ ಬಿಡುವುದಿಲ್ಲ ಎಂದರು. ಉಳಿದವರಿಗಾಗಿ ಅವನು ಹೊಸ ಪೋಸ್ಟರ್ ಅಚ್ಚು ಹಾಕಿಸಿದ, ‘ನಿಜವಾದ ಬರೆಲ್’ ಎಂದು ಗೇಣುದ್ದದ ಅಕ್ಷರಗಳಲ್ಲಿ. “ನಾಚಿಕೆ ಆಗಲ್ವಾ ನಿಂಗೆ?” ಎಂದು ಕೇಳಿದೆ. “ಆಗುತ್ತೆ ಮಿಸ್ ಡೆಲ್ಸಿ, ಯಾಕಾಗಲ್ಲ? ಸೋಮವಾರ ಸೋಮವಾರ ಆಗುತ್ತೆ,” ಎಂದ. ಬರೆಲ್ ಎರಡು ವರ್ಷ ಹಾಡಿದ, ಎಫ್ರೇಮ್ ಅವನ ಬಲಕ್ಕೆ ನಿಂತ. ಕ್ಲಬ್ಬುಗಳಲ್ಲಿ ಮೊದಲಿನಷ್ಟು ಕಿರುಚಾಟ ಇರುತ್ತಿರಲಿಲ್ಲ. ಅಷ್ಟರಲ್ಲಿ ಸಂಗೀತ ಮತ್ತೆ ಬದಲಾಯಿತು, ಹೊಸ ಹೆಸರುಗಳು ಬಂದವು, ಆ ಗಿಡ್ಡ ಕೂದಲಿನ ಮಕ್ಕಳು ದೊಡ್ಡವರಾಗಿ ಮದುವೆ ಮಾಡಿಕೊಂಡರು. ಬರೆಲ್ ಲೆಸ್ಟರಿನ ಒಬ್ಬ ನರ್ಸನ್ನು ಕಟ್ಟಿಕೊಂಡು ಅಲ್ಲಿಗೆ ಹೋದ, ಎಂಬತ್ತನಾಲ್ಕನೇ ಇಸವಿಯಲ್ಲಿ ತೀರಿಕೊಂಡ. ಎಫ್ರೇಮ್ ಹೋಗಿ ಈಗ ಆರು ವರ್ಷ.

ನನಗೆ ನೆನಪಾಗುವುದು ವೇದಿಕೆಗಿಂತ ಆ ಎರಡು ವರ್ಷಗಳ ಭಾನುವಾರಗಳು. ಚರ್ಚು ಮುಗಿಸಿ ಬಂದು ನಾನು ತೊಗರಿಕಾಳು ಹಾಕಿ ತೆಂಗಿನ ಹಾಲಿನಲ್ಲಿ ಅನ್ನಕ್ಕಿಡುತ್ತಿದ್ದೆ, ಒಲೆಯ ಇನ್ನೊಂದು ಉರಿಯಲ್ಲಿ ಕೋಳಿ. ಬರೆಲ್ ಸ್ಮೆಥಿಕ್‌ನಿಂದ ನಡೆದೇ ಬರುತ್ತಿದ್ದ. ಇಬ್ಬರೂ ಅಂಗಿ ತೋಳು ಮಡಚಿ ಕೂತು, ಮೇಲಿನ ದನಿ ಎಲ್ಲಿ ಸೇರಬೇಕು ಎಂದು ಜಗಳವಾಡುತ್ತಿದ್ದರು.

“ಅಲ್ಲಿ ಬರ್ಬೇಡ ಮಾರಾಯಾ, ನಾನು ಉಸಿರು ತಗೊಂಡ್ಮೇಲೆ ಬಾ!”

“ನೀನು ಉಸಿರು ತಗೊಳ್ಳೋವರೆಗೂ ಕಾದ್ರೆ ಕೋಳಿ ಸೀದೋಗುತ್ತೆ.”

ಪಕ್ಕದ ಮನೆಯಲ್ಲಿ ಮಿಸೆಸ್ ಗೆರಾಟಿ ಎಂಬ ಐರಿಷ್ ವಿಧವೆ ಇದ್ದಳು. ಮೊದಮೊದಲು ಪೊರಕೆಯ ಹಿಡಿಯಿಂದ ಗೋಡೆ ಕುಟ್ಟುತ್ತಿದ್ದಳು. ಒಂದು ಭಾನುವಾರ ಕುಟ್ಟುವ ಸದ್ದು ನಿಂತಿತು. ಮೆಟ್ಟಿಲ ಮೇಲೆ ಏನೋ ತಾಗುವ ಸದ್ದಾಯಿತು. ಬಾಗಿಲು ತೆಗೆದು ನೋಡಿದರೆ ಆಕೆ ತನ್ನ ಅಡುಗೆಮನೆಯ ಕುರ್ಚಿಯನ್ನು ತಾನೇ ಹೊತ್ತುಕೊಂಡು ಬಂದಿದ್ದಳು. “ಗೋಡೆ ಆಚೆಯಿಂದ ಅರ್ಧ ಮಾತ್ರ ಕೇಳುತ್ತೆ,” ಎಂದಳು ಸಿಟ್ಟಿನಿಂದಲೇ. ನಾನು ಅವಳಿಗೊಂದು ತಟ್ಟೆ ಹಾಕಿದೆ. ಖಾರ ಎಂದು ನೀರು ಕುಡಿಯುತ್ತ ಕುಡಿಯುತ್ತ ಪೂರ್ತಿ ಉಂಡಳು, ಹಾಡು ಮುಗಿಯುವವರೆಗೂ ಏಳಲಿಲ್ಲ.